ಮೂತ್ರ ತಿಳಿಯಾಗಿದೆ ಎಂದು ನಂಬಿ ಹಸು ಕಳೆದುಕೊಂಡೆ

ಕರು ಹಾಕಿ ಮೂರು ವಾರವಾಗಿದ್ದ ನನ್ನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಕಳೆದ ಮಳೆಗಾಲದಲ್ಲಿ, ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಥೈಲೇರಿಯಾ ರೋಗದಿಂದ, ಜ್ವರ ಬಂದ 9ನೇ ದಿನ ಸತ್ತಿತು. ಅದರಲ್ಲಿ ಏಳು ದಿನ ಹಾಳು ಮಾಡಿದವನು ನಾನೇ. ಹುಮನಾಬಾದ್ ಕಡೆ ಮಿಶ್ರತಳಿ ಹಸು ಕಟ್ಟಿರುವವರು ದಯವಿಟ್ಟು ಓದಿ.

ಮೊದಲ ದಿನ ಮೇವು ಬಿಟ್ಟಿತು. ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. ಹಗ್ಗ ಉಜ್ಜಿ ಬಾವು ಬಂದಿರಬೇಕೆಂದು ಅರಿಶಿನ ಹಚ್ಚಿದೆ. ಊರೂರು ತಿರುಗಿ ಸೂಜಿ ಹಾಕುವವರೊಬ್ಬರನ್ನು ಕರೆದೆ. ಅವರು ಪಶುವೈದ್ಯರಲ್ಲ, ಆದರೆ ಊರಿಗೆಲ್ಲ ಡಾಕ್ಟರೇ. ಉಣ್ಣೆಯಿಂದ ಬರುವ ಜ್ವರವಿರಬಹುದೇ ಎಂದು ಕೇಳಿದರೆ, "ಮೂತ್ರ ತಿಳಿಯಾಗಿದೆ ನೋಡಿ. ರಕ್ತದ ರೋಗವಾಗಿದ್ದರೆ ಕಾಫಿ ಬಣ್ಣ ಬರಬೇಕಿತ್ತು" ಎಂದರು. ಜ್ವರ ಇಳಿಸುವ ಸೂಜಿ ಬಿತ್ತು. ಸಂಜೆ ಎರಡು ಹಿಡಿ ಹಿಂಡಿ ತಿಂದಿತು, ಖುಷಿಯಲ್ಲಿ ಐನೂರು ರೂಪಾಯಿ ಕೊಟ್ಟೆ. ಮರುದಿನ ಮತ್ತೆ 106 ಡಿಗ್ರಿ, ಮತ್ತೆ ಅದೇ ಸೂಜಿ. ಹೀಗೆ ನಾಲ್ಕು ಬಾರಿ.

ಕಾಫಿ ಬಣ್ಣದ ಮೂತ್ರ ಬೆಬೀಸಿಯಾ ರೋಗದ ಗುರುತು. ಅದರಲ್ಲಿ ಕೆಂಪು ರಕ್ತಕಣಗಳು ಒಡೆದು ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ನನ್ನ ಹಸುವಿಗೆ ಇದ್ದದ್ದು ಥೈಲೇರಿಯಾ. ಅದು ಮೊದಲು ದುಗ್ಧ ಗ್ರಂಥಿಗಳ ಬಿಳಿ ರಕ್ತಕಣಗಳಲ್ಲಿ ಬೆಳೆದು, ಆಮೇಲೆ ಕೆಂಪು ಕಣಗಳಿಗೆ ಹೊಗುತ್ತದೆ. ಭುಜದ ಮುಂದಿನ ಆ ಗಂಟು ಊದಿಕೊಂಡ ಗ್ರಂಥಿಯೇ. ನಾನು ಅರಿಶಿನ ಹಚ್ಚಿದ್ದು ರೋಗದ ತವರಿಗೇ!

8ನೇ ದಿನ ಟೆಂಪೊದಲ್ಲಿ ಹಾಕಿಕೊಂಡು ಬೀದರಿಗೆ ಹೋದೆ. ವೈದ್ಯರು ಕಣ್ಣಿನ ರೆಪ್ಪೆ ಮಡಚಿ ತೋರಿಸಿದರು, ಒಳಗೆ ಕಾಗದದಂತೆ ಬಿಳುಪು. ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಇಷ್ಟೇ ಪರೀಕ್ಷೆ. ಕೂಡಲೇ ಥೈಲೇರಿಯಾದ ಔಷಧಿ ಬುಪಾರ್ವಕ್ವೋನ್ ಕೊಟ್ಟರು, ತೂಕದ ಪ್ರತಿ ಕೆಜಿಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ, ಕತ್ತಿನ ಸ್ನಾಯುವಿಗೆ. ಔಷಧಿ ರೋಗಾಣುವನ್ನು ಕೊಲ್ಲುತ್ತದೆ, ಹೋದ ರಕ್ತವನ್ನು ತಂದುಕೊಡುವುದಿಲ್ಲ. ಬೆಳಗಿನ ಜಾವ ಹಸು ಹೋಯಿತು.

ಬೆಬೀಸಿಯಾಕ್ಕೆ ಹಾಕುವ ಡೈಮಿನಜಿನ್ ಥೈಲೇರಿಯಾಕ್ಕೆ ನಾಟುವುದಿಲ್ಲ. ಆದ್ದರಿಂದ ಊಹೆಯ ಮೇಲೆ ಸೂಜಿ ಹಾಕುವವರಿಗೆ ರಕ್ತ ಪರೀಕ್ಷೆಯ ಚೀಟಿ ಎಲ್ಲಿ ಎಂದು ಕೇಳಿ. ಸಿಟ್ಟಾದರೆ ಆಗಲಿ. ಎರಡು ವಾರದ ನಂತರ ನನ್ನ ಪಡ್ಡೆಗೂ ಅದೇ ಗಂಟು ಬಂತು. ಅಂದೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದೆ, ರಕ್ತ ನೋಡಿಸಿದೆ, ಅದೇ ಔಷಧಿಯಿಂದ ಉಳಿಯಿತು.

ಉಣ್ಣೆಗಳು ಹಸುವಿನ ಮೈಮೇಲೆ ಮಾತ್ರ ಇರುತ್ತವೆ ಎಂದುಕೊಂಡಿದ್ದೆ. ಕೊಟ್ಟಿಗೆಯ ಕೆಂಪು ಕಲ್ಲಿನ ಗೋಡೆಯ ಸಂದುಗಳಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ಸಾಲಾಗಿ ಕುಳಿತಿದ್ದವು. ಈಗ ಸಿಮೆಂಟ್ ಮೆತ್ತುತ್ತಿದ್ದೇನೆ. ಇನ್ನೂ ಅರ್ಧ ಗೋಡೆ ಬಾಕಿ ಇದೆ.