ಹೋನಿಂಗ್ ಆದ ಮೇಲೆ ಎಂಜಿನ್ ಬ್ಲಾಕ್ ತೊಳೆಯೋಕೆ ಯಾವುದು ವಾಸಿ: ಸೀಮೆಎಣ್ಣೆಯಾ, ಸೋಪಿನ ನೀರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಸಿ ಸೋಪಿನ ನೀರಿಗೆ. ಕಬ್ಬಿಣಕ್ಕೆ ನೀರಾ ಅಂತ ಹುಬ್ಬೇರಿಸುವವರು ಜಾಸ್ತಿ. ಆದರೆ ಮೂರು ದಾರಿಯನ್ನೂ ಪ್ರಯತ್ನಿಸಿ ನೋಡಿಯೇ ಹೀಗೆ ಹೇಳುತ್ತಿದ್ದೇನೆ.

ಹೋನಿಂಗ್ ಅಂದರೆ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ, ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವುದು. ಹೋನ್ ಮಾಡಿದ ಬೋರ್ ಹೊಳೆಯುತ್ತದೆ ನಿಜ. ಕಲ್ಲಿನಿಂದ ಉದುರಿದ ಪುಡಿ ಮಾತ್ರ ಒಂದನ್ನೊಂದು ಅಡ್ಡ ಹಾಯುವ ಆ ಕ್ರಾಸ್‌ಹ್ಯಾಚ್ ಗೀರುಗಳ ಒಳಗೇ ಕೂತಿರುತ್ತದೆ. ಸಾಮಾನ್ಯವಾಗಿ ಅದು ಸಿಲಿಕಾನ್ ಕಾರ್ಬೈಡ್ ಇಲ್ಲವೇ ಅಲ್ಯೂಮಿನಿಯಂ ಆಕ್ಸೈಡ್. ಎರಡೂ ಉಕ್ಕಿಗಿಂತ ಗಟ್ಟಿ. ಹಾಗೇ ಬಿಟ್ಟರೆ ಹೊಸ ಪಿಸ್ಟನ್ ರಿಂಗನ್ನೇ ಅರೆದುಹಾಕುತ್ತದೆ.

ಸೀಮೆಎಣ್ಣೆ ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ. ತುಕ್ಕಿನ ಗಡಿಬಿಡಿಯೂ ಇಲ್ಲ. ಆದರೆ ಅದು ಎಣ್ಣೆಯನ್ನು ಕರಗಿಸಿಕೊಂಡು ಹರಿದುಹೋಗುತ್ತದೆ, ಪುಡಿ ಗೀರಿನಲ್ಲೇ ಉಳಿಯುತ್ತದೆ. ಬ್ರೇಕ್ ಕ್ಲೀನರ್ ಇನ್ನೂ ಬೇಗ ಆರುವುದರಿಂದ ಪುಡಿ ಕೊಚ್ಚಿಹೋಗಲು ಪುರುಸೊತ್ತೇ ಸಿಗುವುದಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ ಬೋರಿಗೆ ಎಣ್ಣೆ ಹಚ್ಚಿದ ಬಿಳಿ ಬಟ್ಟೆ ಉಜ್ಜಿದೆ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಪೆಟ್ರೋಲ್ ಮಾತ್ರ ಬೇಡವೇ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು.

ಸೋಪಿನ ನೀರಿನ ಕೆಲಸ ಬೇರೆ ಥರ. ನೊರೆ ಪುಡಿಯನ್ನು ಎತ್ತಿ ತೇಲಿಸುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ನೀರು ಬಿಸಿಯಾಗಿರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು, ಬ್ರಷ್ ಗಟ್ಟಿ ನೈಲಾನಿನದ್ದಿರಲಿ. ಉಜ್ಜುತ್ತಾ ಹೋದಂತೆ ಬಿಳಿ ನೊರೆ ಸೀಸದ ಬಣ್ಣಕ್ಕೆ ಬರುತ್ತದೆ. ಆ ನೀರು ಚೆಲ್ಲಿ ಮತ್ತೆ ಹೊಸ ನೀರು. ಬಿಳಿ ಬಟ್ಟೆ ಬಿಳಿಯಾಗಿಯೇ ಬರುವ ತನಕ ಬಿಡಬಾರದು. ತೊಂದರೆ ಒಂದೇ: ಎರಕದ ಕಬ್ಬಿಣ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಹಾಗಾಗಿ ಕಂಪ್ರೆಸರ್ ಗಾಳಿ ಮತ್ತು ಆಯಿಲ್ ಮೊದಲೇ ಪಕ್ಕದಲ್ಲಿರಬೇಕು.

ಮೂರನೆಯದು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಆಯಿಲ್. ಬಟ್ಟೆಗೆ ಹಚ್ಚಿ ಒರೆಸಿದರೆ ಅಳಿದುಳಿದ ಪುಡಿ ಎದ್ದು ಬರುತ್ತದೆ. ಆದರೆ ಇದೊಂದನ್ನೇ ನಂಬಿದರೆ ಬಟ್ಟೆಯ ರಾಶಿಯೇ ಬೇಕು. ನಾನು ಸೋಪಿನ ನೀರಾದ ಮೇಲೆ, ಕೊನೆಯ ಪರೀಕ್ಷೆಗೆ ಇಟ್ಟುಕೊಂಡಿದ್ದೇನೆ.

ಆಯಿಲ್ ಗ್ಯಾಲರಿಗಳಿಗೆ (ಬ್ಲಾಕಿನೊಳಗೆ ಆಯಿಲ್ ಹರಿಯುವ ದಾರಿಗಳಿಗೆ) ಬರೀ ಸ್ಪ್ರೇ ಹೊಡೆದರೆ ಸುಮ್ನೆ ದಂಡ. ಪ್ಲಗ್ ಬಿಚ್ಚಲೇಬೇಕು, ಉದ್ದನೆಯ ಬ್ರಷ್ ಆಚೆಯಿಂದ ಈಚೆಗೆ ಬರಲೇಬೇಕು. ಮಣಿ ಬ್ಲಾಸ್ಟಿಂಗ್ (ಸಣ್ಣ ಗಾಜಿನ ಮಣಿ ಸಿಡಿಸಿ ಶುಚಿ ಮಾಡುವುದು) ಮಾಡಿಸಿದ್ದರಂತೂ ಆ ಮಣಿಗಳು ಅಡಗುವುದೇ ಅಲ್ಲಿ.

ಎರಡು ಭಾಗಗಳ ನಡುವಿನ ಸೋರಿಕೆ ತಡೆಯುವ ಹಳೆಯ ಗ್ಯಾಸ್ಕೆಟ್ ಕೆರೆಯುವಾಗಲೂ ಇದೇ ಪ್ರಶ್ನೆ. ಗ್ರೈಂಡರಿಗೆ ಹಾಕುವ ಅಬ್ರೇಸಿವ್ ಪ್ಯಾಡ್ ನಿಮಿಷದಲ್ಲಿ ಮುಗಿಸುತ್ತದೆ, ಪ್ಲಾಸ್ಟಿಕ್ ಸ್ಕ್ರೇಪರ್ ಮತ್ತು ಗ್ಯಾಸ್ಕೆಟ್ ರಿಮೂವರ್ ತಾಳ್ಮೆ ಕೇಳುತ್ತವೆ. ನಾನು ತಾಳ್ಮೆಯ ಕಡೆ. ಪ್ಯಾಡ್ ಉದುರಿಸುವುದೂ ಅಲ್ಯೂಮಿನಿಯಂ ಆಕ್ಸೈಡನ್ನೇ. ಇಂಥ ಪ್ಯಾಡ್ ಬಳಸಬೇಡಿ ಅಂತ ಜನರಲ್ ಮೋಟಾರ್ಸ್ ಸರ್ವಿಸ್ ಬುಲೆಟಿನ್ನನ್ನೇ ಹೊರಡಿಸಿದೆ. ಫಿಲ್ಟರ್ ಇದೆಯಲ್ಲ ಅನ್ನಬಹುದು. ಆದರೆ ಆಯಿಲ್ ಪಂಪ್ ಇರುವುದು ಫಿಲ್ಟರಿಗಿಂತ ಮುಂಚೆ, ಪುಡಿ ಮೊದಲು ಅದನ್ನೇ ಹಾದುಹೋಗುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಆಯಿಲ್ ಗಟ್ಟಿಯಿದ್ದರೆ ಫಿಲ್ಟರನ್ನು ತಪ್ಪಿಸುವ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ನೇರ ಬೇರಿಂಗಿಗೆ ಹೋಗುವುದೂ ಉಂಟು.

ಆ ಪುಡಿಯಲ್ಲೇ ಎಂಜಿನ್ ಓಡಿಬಿಟ್ಟಿದ್ದರೆ ಬೇರಿಂಗ್ ಶೆಲ್ (ಕ್ರ್ಯಾಂಕ್ ಶಾಫ್ಟ್ ತಿರುಗಲು ಕೂರುವ ಅರ್ಧಬಳೆ) ತೊಳೆದು ಪ್ರಯೋಜನವಿಲ್ಲ. ಮೆತ್ತನೆಯ ಲೋಹದಲ್ಲಿ ಕಣ ನಾಟಿಕೊಂಡು ಕ್ರ್ಯಾಂಕನ್ನು ಉಜ್ಜುತ್ತಲೇ ಇರುತ್ತದೆ. ಶೆಲ್ ಹೊಸದೇ ಹಾಕಿ.