ಸೇಡಂನಲ್ಲಿ ನೆಟ್ ಹೋದಾಗ: ಶೇರ್‌ಡಿಬಿಯೋ, ವೈಜೆಎಸ್ಸೋ?

ನಾನಿರುವುದು ಕಲಬುರಗಿಯಲ್ಲಿ, ನನ್ನ ಜೊತೆ ಕೆಲಸ ಮಾಡುವ ಹುಡುಗಿ ಸೇಡಂನಲ್ಲಿ. ಇಬ್ಬರೂ ಒಂದೇ ಕನ್ನಡ ಬರಹವನ್ನು ಏಕಕಾಲಕ್ಕೆ ತಿದ್ದಲೆಂದು ಸಣ್ಣದೊಂದು ವೆಬ್ ಆ್ಯಪ್ ಕಟ್ಟಿದೆವು. ಬರೆಯುವ ಜಾಗಕ್ಕೆ ಕ್ವಿಲ್ ಎಂಬ ಎಡಿಟರ್. ಇಬ್ಬರ ತಿದ್ದುಪಡಿಗಳನ್ನು ಹೊಂದಿಸಲು ಮೊದಲು ಶೇರ್‌ಡಿಬಿ (ShareDB) ಎಂಬ ತಂತ್ರಾಂಶ ಹಾಕಿದೆವು, ಆಮೇಲೆ ವೈಜೆಎಸ್ (Yjs).

ಶೇರ್‌ಡಿಬಿ ನಡೆಯುವುದು ಆಪರೇಷನಲ್ ಟ್ರಾನ್ಸ್‌ಫಾರ್ಮೇಶನ್ ಮೇಲೆ. ಒಬ್ಬರ ತಿದ್ದುಪಡಿಗೆ ತಕ್ಕಂತೆ ಇನ್ನೊಬ್ಬರದನ್ನು ಹೊಂದಿಸುವ ಈ ದಾರಿ 1989ರಲ್ಲಿ ಎಲಿಸ್ ಮತ್ತು ಗಿಬ್ಸ್ ಎಂಬ ಸಂಶೋಧಕರು ತೋರಿಸಿದ್ದು. ಪ್ರತಿ ತಿದ್ದುಪಡಿಗೂ ಸರ್ವರ್ ಸರದಿ ಕೊಡುತ್ತದೆ. ಶುರುವಿನಲ್ಲಿ ನಾನು ಐದು ಅಕ್ಷರ ಸೇರಿಸಿದರೆ, ಅವಳು ತಿದ್ದಿದ ಜಾಗ ಐದು ಮನೆ ಮುಂದೆ ಸರಿಯುತ್ತದೆ. ಎಲ್ಲವೂ ಸರ್ವರ್ ದಾಟಿಯೇ ಹೋಗುವುದರಿಂದ, ಯಾರಿಗೆ ತಿದ್ದಲು ಬಿಡಬೇಕು ಎಂಬುದನ್ನು ಅಲ್ಲೇ ತಡೆಯಬಹುದು. ಇದು ನನಗೆ ತುಂಬ ಹಿಡಿಸಿತು.

ಆದರೆ ಒಂದು ಮಧ್ಯಾಹ್ನ ಅವಳ ಫೋನ್ ಬಂತು: "ಅಣ್ಣಾ, ನಾ ಬರದಿದ್ದೆಲ್ಲ ಎಲ್ಲಿ ಹೋತು?" ನೆಟ್ ಹೋಗಿದ್ದಾಗ ಬರೆದದ್ದು ಬ್ರೌಸರ್‌ನ ಮೆಮೊರಿಯಲ್ಲಷ್ಟೇ ಕಾಯುತ್ತಿತ್ತು, ಟ್ಯಾಬ್ ಮುಚ್ಚಿದಳು, ಹೋಯಿತು. ಅದನ್ನು ಉಳಿಸಿಡುವ ಕೋಡ್ ನಾನು ಬರೆದಿರಲಿಲ್ಲ. ಎರಡು ತಾಸಿನ ಅವಳ ಶ್ರಮ ಹಾಳಾದದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ವೈಜೆಎಸ್ ಸಿಆರ್‌ಡಿಟಿ ಕುಲದ್ದು, ಅಂದರೆ ಪ್ರತಿಗಳನ್ನು ಬೇರೆ ಬೇರೆ ತಿದ್ದಿದರೂ ಕೊನೆಗೆ ತಾವಾಗಿಯೇ ಒಂದಾಗುವ ಬಗೆ. ಸೇರಿಸಿದ ಪ್ರತಿ ಅಕ್ಷರಕ್ಕೂ ಅದರದೇ ಗುರುತು ಇರುತ್ತದೆ; ಸರದಿ ಹೇಳುವ ಸರ್ವರ್ ಬೇಕಿಲ್ಲ. ವೈ-ಇಂಡೆಕ್ಸ್‌ಡ್‌ಡಿಬಿ ಎಂಬ ಅದರ ಜೊತೆಯ ತಂತ್ರಾಂಶ ಜೋಡಿಸಿದರೆ ಬರಹ ಬ್ರೌಸರ್‌ನಲ್ಲೇ ಉಳಿಯುತ್ತದೆ, ನೆಟ್ ಬಂದಾಗ ಒಬ್ಬರಲ್ಲಿ ಇಲ್ಲದ ಭಾಗವಷ್ಟೇ ಅತ್ತಿತ್ತ ಹೋಗಿ ಬರುತ್ತದೆ. ಅಂಡೂ ಒತ್ತಿದರೆ ನನ್ನ ತಿದ್ದುಪಡಿ ಮಾತ್ರ ಹಿಂದೆ ಹೋಗುವಂತೆಯೂ ಮಾಡಬಹುದು. ಅನುಮತಿಯ ಕೆಲಸ ಮಾತ್ರ ನಾವೇ ಮಾಡಿಕೊಳ್ಳಬೇಕು. ಹಳೆಯ ಆವೃತ್ತಿಗಳು ಬೇಕೆಂದರೆ ಅಳಿಸಿದ್ದನ್ನೂ ಇಟ್ಟುಕೊಳ್ಳಬೇಕು, ಕಡತ ಬೆಳೆಯುತ್ತಲೇ ಹೋಗುತ್ತದೆ.

ಕನ್ನಡದ ತೊಡಕು ಎರಡರಲ್ಲೂ ಒಂದೇ. ‘ಕ’ದ ಮುಂದೆ ನಾನು ಹಲಂತ (ಒತ್ತಕ್ಷರ ಮೂಡಿಸುವ ಚಿಹ್ನೆ) ಮತ್ತು ‘ತ’ ಒತ್ತಿದೆ. ಅದೇ ಕ್ಷಣ ಅವಳು ಆ ‘ಕ’ಕ್ಕೇ ದೀರ್ಘ ಹಾಕಿದಳು. ಕೆಲವೊಮ್ಮೆ ‘ಕ್ತಾ’ ಆಯಿತು, ಕೆಲವೊಮ್ಮೆ ದೀರ್ಘದ ಬೆನ್ನಿಗೇ ಹಲಂತ ಬಂದು ಅಕ್ಷರವೇ ಮುರಿಯಿತು. ಎರಡೂ ಪರದೆಯಲ್ಲಿ ಒಂದೇ ಪಠ್ಯ ಬಂದಿತ್ತು, ಅದು ಕನ್ನಡವಾಗಿರಲಿಲ್ಲ. ಯಂತ್ರಕ್ಕೆ ಅವು ಬಿಡಿ ಬಿಡಿ ಯೂನಿಕೋಡ್ ಸಂಕೇತಗಳು, ನಮಗೆ ಒಂದೇ ಅಕ್ಷರ.

ಸೇಡಂನಂಥ ಊರಿಗೆ ನನ್ನ ಆಯ್ಕೆ ವೈಜೆಎಸ್. ನೆಟ್ ಗಟ್ಟಿಯಾಗಿದ್ದು, ಅನುಮತಿಯೇ ಮುಖ್ಯವಾದ ಕಚೇರಿಯಾದರೆ ಶೇರ್‌ಡಿಬಿಯನ್ನೇ ಹಾಕುತ್ತೇನೆ. ಎರಡರಲ್ಲಿ ಯಾವುದಿದ್ದರೂ, ಸ್ವರಚಿಹ್ನೆಯ ಬೆನ್ನಿಗೆ ಹಲಂತ ಬಂದ ಜಾಗಕ್ಕೆ ಹಳದಿ ಬಣ್ಣ ಹಚ್ಚುವ ಪುಟ್ಟ ಕೋಡ್ ಜೊತೆಗಿರುತ್ತದೆ. ಆ ಹಳದಿಯನ್ನು ಕಂಡವರು ತಿದ್ದುತ್ತಾರೆ.