ಥೀಸಿಸ್ ಡೇಟಾಗೆ ಆಪ್‌ಸ್ಟ್ಯಾಟ್, ಗ್ರೇಪ್ಸ್, ಆರ್: ಕೊಡಗಲ್ಲಿ ಬಳಸಿದೋರ ರಿವ್ಯೂ

ಕೊಡಗಿಗೆ ಫೀಲ್ಡ್ ವರ್ಕ್ ಅಂತ ಅಗ್ರಿ, ಫಾರೆಸ್ಟ್ರಿ ಎಂಎಸ್ಸಿ ಮಕ್ಕಳು ಬೇರೆ ಬೇರೆ ಕಡೆಯಿಂದ ಬರ್ತಾನೇ ಇರ್ತಾರೆ, ಕಾಫಿ ತೋಟದಲ್ಲಿ ಟ್ರಯಲ್ ಹಾಕೋರು, ದೇವರಕಾಡಲ್ಲಿ ಮರ ಎಣಿಸೋರು, ನರ್ಸರಿಯಲ್ಲಿ ಬೀಜ ಮೊಳಕೆ ನೋಡೋರು. ನಾನು ಇಲ್ಲೇ ಪ್ರಾಜೆಕ್ಟ್ ಕೆಲಸದಲ್ಲಿರೋದ್ರಿಂದ ಎಲ್ಲರೂ ಕೇಳೋದು ಒಂದೇ, "ಅಕ್ಕಾ, ಅನಾಲಿಸಿಸ್ ಯಾವ್ದರಲ್ಲಿ ಮಾಡ್ಲಿ?" ಅದಕ್ಕೇ ಬರೀತಿದೀನಿ.

ಮೊದಲು ಆಪ್‌ಸ್ಟ್ಯಾಟ್. ಹಿಸಾರಿನ ಹರಿಯಾಣ ಅಗ್ರಿ ಯೂನಿವರ್ಸಿಟಿಯೋರು ಫ್ರೀಯಾಗಿ ಇಟ್ಟಿರೋ ಅನಾಲಿಸಿಸ್ ವೆಬ್‌ಸೈಟ್. ಎಕ್ಸೆಲ್‌ನಿಂದ ಕಾಪಿ ಮಾಡಿ ಬಾಕ್ಸಲ್ಲಿ ಪೇಸ್ಟ್ ಮಾಡಿ, ಟ್ರೀಟ್‌ಮೆಂಟ್ (ಹೋಲಿಸಿ ನೋಡೋ ವಿಧಾನ) ಎಷ್ಟು, ರೆಪ್ಲಿಕೇಶನ್ (ಒಂದೊಂದನ್ನ ಎಷ್ಟು ಸಲ ಹಾಕಿದೀವಿ ಅನ್ನೋದು) ಎಷ್ಟು ಅಂತ ಹೇಳಿದ್ರೆ ಅನೋವಾ ಟೇಬಲ್ (ಟ್ರೀಟ್‌ಮೆಂಟ್‌ಗಳ ನಡುವೆ ನಿಜವಾಗ್ಲೂ ವ್ಯತ್ಯಾಸ ಇದೆಯಾ ಅಂತ ನೋಡೋದು), ಸಿಡಿ (ಎಷ್ಟು ವ್ಯತ್ಯಾಸ ಇದ್ರೆ ಲೆಕ್ಕಕ್ಕೆ ಬರುತ್ತೆ ಅನ್ನೋದು), ಸಿವಿ (ಡೇಟಾ ಎಷ್ಟು ಚೆದುರಿದೆ ಅನ್ನೋದು) ಎಲ್ಲ ಬಂದ್ಬಿಡುತ್ತೆ, ನೋಡೋಕೆ ಹಳೇ ಕಾಲದ ಪೇಜ್ ಥರ ಇದ್ರೂ ಕೆಲಸ ಪಕ್ಕಾ. 4 ಸ್ಟಾರ್.

ಗ್ರೇಪ್ಸ್ ಕೇರಳ ಅಗ್ರಿಕಲ್ಚರಲ್ ಯೂನಿವರ್ಸಿಟಿದು, ಒಳಗಡೆ ಓಡೋದು ಆರ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಪ್ರೋಗ್ರಾಮಿಂಗ್ ಭಾಷೆ, ಆದ್ರೆ ನಾವು ಕೋಡ್ ಬರೆಯೋ ಅಗತ್ಯ ಇಲ್ಲ, ಫೈಲ್ ಅಪ್‌ಲೋಡ್ ಮಾಡಿ ಕ್ಲಿಕ್ ಮಾಡ್ತಾ ಹೋಗೋದಷ್ಟೇ. ಗ್ರಾಫೂ ಚೆನ್ನಾಗಿ ಬರುತ್ತೆ. ಹೊಸಬರಿಗೆ ನಾನು ಇದನ್ನೇ ಹೇಳೋದು. ಒಂದೇ ತೊಂದ್ರೆ, ಇದಕ್ಕೂ ಆಪ್‌ಸ್ಟ್ಯಾಟ್‌ಗೂ ನೆಟ್ ಬೇಕು, ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ಹೋದ್ರೆ ಕರೆಂಟೂ ಇಲ್ಲ ಟವರೂ ಇಲ್ಲ, ಸಬ್‌ಮಿಶನ್ ಹತ್ರ ಇದ್ದೋರ ಪಾಡು ಕೇಳ್ಲೇಬೇಡಿ.

ಅಲ್ಲಿ ಆರ್ ಗೆಲ್ಲುತ್ತೆ. ಪ್ಯಾಕೇಜ್‌ಗಳನ್ನ ಮುಂಚೆನೇ ಇಳಿಸಿಕೊಂಡಿದ್ರೆ ಲ್ಯಾಪ್‌ಟಾಪಲ್ಲಿ ಚಾರ್ಜ್ ಇರೋ ತನಕ ನೆಟ್ ಇಲ್ದೇನೂ ನಡೆಯುತ್ತೆ. ಅಗ್ರಿಕೋಲೇ ಪ್ಯಾಕೇಜಲ್ಲಿ ಫೀಲ್ಡ್ ಟ್ರಯಲ್‌ಗೆ ಬೇಕಾದ್ದೆಲ್ಲ ಇದೆ, ದೇವರಕಾಡಿನ ಡೈವರ್ಸಿಟಿ ಲೆಕ್ಕಕ್ಕೆ ವೇಗನ್. ಕಲಿಯೋಕೆ ಮಾತ್ರ ಕಷ್ಟ ಇದೆ, ಒಬ್ರೇ ಕೂತು ಶುರು ಮಾಡಿದ್ರೆ ಮೊದಲ ವಾರ ಅಳು ಬರುತ್ತೆ, ಪಕ್ಕದಲ್ಲಿ ಗೊತ್ತಿರೋರು ಕೂತ್ರೆ ಬೇಗ ಹತ್ತುತ್ತೆ.

ಆದ್ರೆ ನಿಜವಾದ ವಿಷಯ ಸಾಫ್ಟ್‌ವೇರ್ ಅಲ್ಲ. ಹೋದ ಸೀಸನ್ ಒಬ್ಳು ಹುಡ್ಗಿ ಇಳಿಜಾರಿನ ರೋಬಸ್ಟಾ ತೋಟದಲ್ಲಿ ಆರ್‌ಬಿಡಿ (ಜಾಗನ ಬ್ಲಾಕ್‌ಗಳಾಗಿ ಭಾಗ ಮಾಡಿ, ಪ್ರತಿ ಬ್ಲಾಕಲ್ಲೂ ಎಲ್ಲ ಟ್ರೀಟ್‌ಮೆಂಟ್ ಹಾಕೋ ಡಿಸೈನ್) ಹಾಕಿದ್ಳು. 5 ಟ್ರೀಟ್‌ಮೆಂಟ್, 3 ರೆಪ್ಲಿಕೇಶನ್. ಬ್ಲಾಕ್‌ಗಳನ್ನ ಇಳಿಜಾರಿಗೆ ಅಡ್ಡಡ್ಡ ಹಾಕಬೇಕಿತ್ತು, ಮೇಲ್ಗಡೆ ಒಂದು ಬ್ಲಾಕ್, ನಡುವೆ ಒಂದು, ಕೆಳಗೆ ಹೊಳೆ ಕಡೆಗೊಂದು, ಆಗ ಒಂದೊಂದು ಬ್ಲಾಕಿನ ಒಳಗೆ ಮಣ್ಣು, ತೇವ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಅವಳ ಬ್ಲಾಕ್‌ಗಳು ಮೇಲಿಂದ ಕೆಳಗೆ ಉದ್ದಕ್ಕೆ ಇದ್ವು. ಇಳಿಜಾರಿನ ವ್ಯತ್ಯಾಸ ಪೂರ್ತಿ ಎರರ್‌ಗೆ (ಕಾರಣ ಹೇಳೋಕಾಗದ ವ್ಯತ್ಯಾಸಕ್ಕೆ) ಸೇರ್ಕೊಳ್ತು, ಎಲ್ಲ ನಾನ್ ಸಿಗ್ನಿಫಿಕೆಂಟ್, ಅಂದ್ರೆ ಟ್ರೀಟ್‌ಮೆಂಟ್‌ಗಳ ನಡುವೆ ವ್ಯತ್ಯಾಸ ಇದೆ ಅಂತ ಹೇಳೋಕೇ ಆಗ್ಲಿಲ್ಲ. ಸಾಲದ್ದಕ್ಕೆ ಎರರ್ ಡಿಗ್ರೀಸ್ ಆಫ್ ಫ್ರೀಡಂ (ಎರರ್ ಅಂದಾಜು ಮಾಡೋಕೆ ಸಿಗೋ ಸ್ವತಂತ್ರ ಮಾಹಿತಿಯ ಲೆಕ್ಕ) ಬರೀ 8, 12 ಆದ್ರೂ ಇರ್ಬೇಕು ಅಂತ ಪಾಠದಲ್ಲೇ ಇದೆ, ಇನ್ನೊಂದು ರೆಪ್ಲಿಕೇಶನ್ ಹಾಕಿದ್ರೆ ಸರಿಯಾಗಿ 12 ಆಗ್ತಿತ್ತು. ಇದನ್ನ ಯಾವ ಸಾಫ್ಟ್‌ವೇರೂ ಎಚ್ಚರಿಸಲ್ಲ, ಕೊಟ್ಟ ನಂಬರ್‌ಗೆ ಉತ್ತರ ಕೊಟ್ಟು ಸುಮ್ನಾಗುತ್ತೆ. ಎರಡು ವರ್ಷದ ಕೆಲಸ ಅದು, ಆ ಮಗು ಮುಖ ನೋಡೋಕಾಗ್ಲಿಲ್ಲ ನಂಗೆ.

ಇನ್ನೊಂದು ತುಂಬಾ ನೋಡ್ತೀನಿ, ಒಂದೇ ದೇವರಕಾಡಲ್ಲಿ 10 ಕ್ವಾಡ್ರಾಟ್ (ಗಿಡಮರ ಎಣಿಸೋಕೆ ಅಳತೆ ಹಾಕಿದ ಚೌಕ) ಹಾಕಿ, ಪಕ್ಕದ ಒಂದೇ ತೋಟದಲ್ಲಿ 10 ಹಾಕಿ, ರೆಪ್ಲಿಕೇಶನ್ 10 ಅಂತ ಬರೆಯೋದು. ದೇವರಕಾಡುಗಳಿಗೂ ತೋಟಗಳಿಗೂ ವ್ಯತ್ಯಾಸ ಹೇಳ್ಬೇಕಂದ್ರೆ ಬೇರೆ ಬೇರೆ ದೇವರಕಾಡು, ಬೇರೆ ಬೇರೆ ತೋಟ ಬೇಕಲ್ವಾ.

ದುಡ್ಡು ಕೊಟ್ರೆ ಅನಾಲಿಸಿಸ್ ಮಾಡಿಕೊಡೋ ಸೆಂಟರ್‌ಗಳ ಬಗ್ಗೆಯೂ ಕೇಳ್ತಾರೆ. ಹೆಸರು ಬೇಡ, 1 ಸ್ಟಾರ್. ಮೊಳಕೆ ಪರ್ಸೆಂಟೇಜ್ ಡೇಟಾ ಕಳಿಸಿದ್ರೆ, ಅದ್ರಲ್ಲಿ ಸೊನ್ನೆನೂ ಇದೆ ನೂರೂ ಇದೆ, ಟ್ರಾನ್ಸ್‌ಫಾರ್ಮ್ (ಟೆಸ್ಟ್‌ಗೆ ಹೊಂದೋ ಹಾಗೆ ನಂಬರ್‌ಗಳನ್ನ ಬದಲಾಯಿಸೋದು) ಮಾಡ್ಬೇಕಾ ಅಂತ ಒಂದು ಮಾತು ಕೇಳ್ದೆ ಟೇಬಲ್ ವಾಪಸ್ ಕಳಿಸಿದ್ರು. ವೈವಾದಲ್ಲಿ "ಯಾಕೆ ಈ ಟೆಸ್ಟ್?" ಅಂತ ಎಕ್ಸಾಮಿನರ್ ಕೇಳಿದ್ರೆ ಹುಡುಗ ಏನಂತಾನೆ?

ದಿಲ್ಲಿಯ ಕೃಷಿ ಸ್ಟ್ಯಾಟಿಸ್ಟಿಕ್ಸ್ ಸಂಶೋಧನಾ ಸಂಸ್ಥೆ ಐಎಎಸ್‌ಆರ್‌ಐನೋರ ಡಿಸೈನ್ ರಿಸೋರ್ಸಸ್ ಸರ್ವರ್ ಒಂದು ಸಲ ನೋಡಿ, ರ್‍ಯಾಂಡಮೈಸ್ ಆಗಿರೋ ಲೇಔಟೇ ಸಿಗುತ್ತೆ, ಫ್ರೀ. ಯೂನಿವರ್ಸಿಟಿಗಳನ್ನ ನಾನು ಕೇಳ್ಕೊಳೋದು ಏನಂದ್ರೆ, ಮೊದಲ ಸೆಮಿಸ್ಟರಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕಲಿಸೋ ಕೋರ್ಸ್ ಇರ್ಲಿ, ಬೇಡ ಅನ್ನಲ್ಲ, ಆದ್ರೆ ಸಿನಾಪ್ಸಿಸ್ (ಥೀಸಿಸ್ ಕೆಲಸದ ಯೋಜನೆ) ಬರೆಯೋ ಹೊತ್ತಿಗೆ ವಾರಕ್ಕೆ ಒಂದು ಮಧ್ಯಾಹ್ನ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಮಕ್ಕಳ ಜೊತೆ ಕೂತು ಅವರ ಲೇಔಟ್ ನೋಡ್ಲಿ, ಅವರ ಸಹಿ ಇಲ್ದೆ ಸಿನಾಪ್ಸಿಸ್ ಪಾಸ್ ಆಗದೇ ಇರ್ಲಿ. ಗೈಡ್‌ಗಳಿಗೂ ಆರ್ ಟ್ರೇನಿಂಗ್ ಕೊಡಿ, ಅದೂ ಗೋಧಿ, ಭತ್ತದ ಉದಾಹರಣೆ ಬಿಟ್ಟು ಮರ, ನೆರಳು, ಇಳಿಜಾರು ಇರೋ ಡೇಟಾ ಇಟ್ಕೊಂಡು.

ಈ ಸಲ ಕೊಡಗಲ್ಲಿ ಟ್ರಯಲ್ ಹಾಕೋರು ಮಳೆ ಹಿಡಿಯೋಕೆ ಮುಂಚೆ, ಗೂಟ ಹೊಡೆಯೋಕೂ ಮುಂಚೆ, ಲೇಔಟ್ ಸ್ಕೆಚ್ ತಗೊಂಡು ಬನ್ನಿ, ತೋಟದಲ್ಲೇ ನಿಂತು ನೋಡೋಣ.